ಸರ್ಪೋದ್ಯಾನ, ಸಸ್ಯೋದ್ಯಾನ ಮತ್ತು ನಾವು

ಪುಣೆಯ ದಕ್ಷಿಣದ ಅಂಚಿನ ಕೊಂಢವಾದಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಊರಿನಿಂದ ನೆಂಟರು ಬಂದರೆ, ಅವರನ್ನು ಕರೆದೊಯ್ದು ತೋರಿಸುವ ಸ್ಥಳಗಳು ಬಹುಮಟ್ಟಿಗೆ ಗೊತ್ತಾದವುಗಳೇ ಆಗಿವೆ. ಮೊದಲನೆಯ ದಿನ ಶನಿವಾರವಾಡೆ ಮತ್ತು ದಗಡೂಶೇಠ ಗಣಪತಿ. ಎರಡನೆಯ ದಿನ ಸಿಂಹಗಡ. ಸಂಗಡ ಮಕ್ಕಳಿದ್ದರೆ ಮೂರನೆಯ ದಿನ ಕಾತ್ರಜದ ಸರ್ಪೋದ್ಯಾನ, ಇಲ್ಲವೆ ರೇಸ್ ಕೋರ್ಸಿನ ಬಳಿಯ ಎಂಪ್ರೆಸ್ ಉದ್ಯಾನ. ಈ ಕೊನೆಯ ಎರಡನ್ನು ದೊಡ್ಡವರು ಮಕ್ಕಳ ಆಟದ ಬಾಬತ್ತಿಗೆ ಖರ್ಚು ಬರೆದು ಮರೆತುಬಿಡುತ್ತಾರೆ. ಹಾವು ನೋಡಿದೆವು, ಹೂವು ನೋಡಿದೆವು, ಕಡಲೆಕಾಯಿ ತಿಂದೆವು, ಮನೆಗೆ ಬಂದೆವು ಎಂದರೆ ಆ ದಿನದ ಲೆಕ್ಕ ಮುಗಿಯಿತು.

ಆದರೆ ಈ ಖಾತೆಯನ್ನು ಅಷ್ಟು ಬೇಗ ಮುಚ್ಚುವಂತಿಲ್ಲವೆಂಬುದು ನಮ್ಮ ಅಭಿಪ್ರಾಯ. ಪುಣೆಯ ಈ ತೋಟಗಳ ಹಿಂದೆ ಸುಮಾರು ಎರಡೂವರೆ ಶತಮಾನಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ಕನ್ನಡ ನಾಡು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಮೇಲಾಗಿ ಅದರಲ್ಲಿ ಇಂದಿಗೂ ತೀರದೆ ಉಳಿದ ಒಂದು ಬಾಕಿಯೂ ಇದೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವುದೇ ಕಸುಬಾದ ನಾವು ಆ ಬಾಕಿಯ ಮಾತನ್ನು ಕೊನೆಗೆ ಹೇಳುವೆವು. ಮೊದಲು ಇತಿಹಾಸ.

ಊರಿನ ಹೆಸರಿನಿಂದಲೇ ಆರಂಭಿಸೋಣ. ಕೊಂಢವಾ ಒಂದಲ್ಲ, ಎರಡು: ಕೊಂಢವಾ ಖುರ್ದ ಮತ್ತು ಕೊಂಢವಾ ಬುದ್ರುಕ. ಖುರ್ದವೆಂದರೆ ಚಿಕ್ಕದು, ಬುದ್ರುಕವೆಂದರೆ ಹಿರಿದು; ಎರಡೂ ಪಾರಸಿಯಿಂದ ಬಂದ ಮಾತುಗಳು. ಬೆಳಗಾವಿಯ ಕಡೆಯ ವಾಚಕರಿಗೆ ಇದು ಹೊಸದೆನಿಸದು. ಅಲ್ಲಿಯ ಕಂಗ್ರಾಳಿ ಬಿ.ಕೆ. ಮತ್ತು ಕಂಗ್ರಾಳಿ ಕೆ.ಎಚ್. ಎಂಬ ಹೆಸರುಗಳ ಬಾಲಕ್ಕೆ ಅಂಟಿಕೊಂಡ ಅಕ್ಷರಗಳು ಇವೇ ಬುದ್ರುಕ ಮತ್ತು ಖುರ್ದ. ಊರು ಬಿಟ್ಟು ಇಷ್ಟು ದೂರ ಬಂದವರನ್ನು ಊರಿನ ಹೆಸರಿನ ಬಾಲವೇ ಇಲ್ಲಿ ಎದುರುಗೊಂಡಿತು.

ಕೊಂಢವಾದಿಂದ ಹೊರಟ ರಸ್ತೆ ಪಶ್ಚಿಮಕ್ಕೆ ಕಾತ್ರಜಕ್ಕೆ ಹೋಗುತ್ತದೆ. ಅಲ್ಲಿಯ ಕೆರೆ ನಾನಾಸಾಹೇಬ ಪೇಶ್ವೆಯ ಕಾಲದ್ದು, ಎಂದರೆ 18ನೆಯ ಶತಮಾನದ ಮಧ್ಯಭಾಗದ್ದು. ಅಲ್ಲಿಂದ ನೆಲದೊಳಗೆ ಕಲ್ಲಿನ ಕಾಲುವೆ ಕಟ್ಟಿಸಿ ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ನೀರು ಹರಿಸಿದ್ದರು. ಮನುಷ್ಯನು ಇಳಿದು ನಡೆದಾಡುವಷ್ಟು ದೊಡ್ಡದಾದ ಆ ಕಾಲುವೆ ಅಂದಿನ ಪುಣೆಯ ಜೀವನಾಡಿಯಾಗಿತ್ತು. ನಾನಾಸಾಹೇಬನ ಮೊಮ್ಮಗ ಸವಾಯಿ ಮಾಧವರಾಯನು ಪರ್ವತಿ ಗುಡ್ಡದ ಬುಡದಲ್ಲಿ ಕಾಡುಮೃಗಗಳನ್ನು ಸಾಕಿಸಿದ್ದನು. ಸಿಂಹ, ಘೇಂಡಾಮೃಗಗಳಂಥ ಅಪರೂಪದ ಪ್ರಾಣಿಗಳು ಅಲ್ಲಿದ್ದವು. ನೋಡುವ ಭಾಗ್ಯ ಮಾತ್ರ ಪೇಶ್ವೆಗೂ ದರಬಾರದ ಅತಿಥಿಗಳಿಗೂ ಸೇರಿದ್ದು.

ಇದೇ ಕಾಲದಲ್ಲಿ ಪೇಶ್ವೆಗಳ ಎದುರಾಳಿಗಳಾದ ಮೈಸೂರಿನವರು ಏನು ಮಾಡುತ್ತಿದ್ದರು? ಅವರೂ ತೋಟ ಹಾಕಿಸುತ್ತಿದ್ದರು! ಹೈದರ ಅಲಿಯು 1760ರಲ್ಲಿ ಬೆಂಗಳೂರಿನ ಬಳಿ ಸುಮಾರು 40 ಎಕರೆಯಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಸಿರಾದ ಮೊಗಲ್ ತೋಟವು ಅದಕ್ಕೆ ಮೇಲ್ಪಂಕ್ತಿಯಾಗಿತ್ತೆಂದು ಹೇಳುತ್ತಾರೆ. ಮಗ ಟೀಪು ದೂರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನು. ರಣರಂಗದಲ್ಲಿ ಒಬ್ಬರನ್ನೊಬ್ಬರು ಹೊಡೆದಾಡಿದ ಎರಡು ಮನೆತನಗಳಿಗೂ ಗಿಡಮರ, ಪ್ರಾಣಿಗಳ ವಿಷಯದಲ್ಲಿ ಒಂದೇ ಚಪಲವಿದ್ದದ್ದು ಸೋಜಿಗವೇ ಸರಿ. ಆದರೆ ಲಾಲ್‌ಬಾಗವೂ ಆಗ ಅರಸನ ತೋಟವೇ ಆಗಿತ್ತು. ಒಕ್ಕಲಿಗನಿಗೆ ಅದರಲ್ಲಿ ಕೂಲಿಯ ಹೊರತು ಬೇರೆ ಸಂಬಂಧವಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1818ರಲ್ಲಿ ಪೇಶ್ವಾಯಿ ಮುಗಿಯಿತು. ತೋಟಗಳು ಕಂಪನಿ ಸರಕಾರದ ಕೈಗೆ ಬಂದವು. ಕಂಪನಿಯು ವ್ಯಾಪಾರಸ್ಥರ ಸಂಸ್ಥೆ. ಯಾವ ಗಿಡದಿಂದ ಔಷಧ ಬಂದೀತು, ಯಾವುದರಿಂದ ನಾರು, ಯಾವುದರಿಂದ ಹಡಗಿನ ಮರ ಎಂಬುದು ಅದರ ಚಿಂತೆ. ಲಾಲ್‌ಬಾಗವು ಮೇಜರ್ ವಾ ಎಂಬವನ ವಶದಲ್ಲಿದ್ದು, 1819ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥ ವಾಲಿಚನ ಆಡಳಿತಕ್ಕೆ ಸೇರಿತು. ಇತ್ತ 1828ರಲ್ಲಿ, ಜಾನ್ ಮಾಲ್ಕಮ್ ಮುಂಬಯಿಯ ಗವರ್ನರನಾಗಿದ್ದಾಗ, ಪುಣೆಯ ಹತ್ತಿರದ ದಾಪೋಡಿಯಲ್ಲಿ ಒಂದು ಸಸ್ಯೋದ್ಯಾನ ಸ್ಥಾಪಿತವಾಯಿತು. 1838ರಲ್ಲಿ ಅದರ ಮುಖ್ಯಸ್ಥನಾದ ಅಲೆಕ್ಸಾಂಡರ್ ಗಿಬ್ಸನ್ ವೃತ್ತಿಯಿಂದ ವೈದ್ಯ. ಅವನು ಔಷಧಿಯ ಗಿಡಗಳನ್ನು ಬೆಳೆಸಿದನು. ತೋಟದ ಗಿಡಗಳ ಬಣ್ಣದ ಚಿತ್ರಗಳನ್ನು ಬರೆಸಿದನು. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ.

ಗಿಬ್ಸನನು 1847ರಲ್ಲಿ ಮುಂಬಯಿ ಇಲಾಖೆಯ ಅರಣ್ಯಗಳ ಸಂರಕ್ಷಕನಾದನು. ಇಲ್ಲಿಂದ ನಮ್ಮ ಕಥೆ ಆರಂಭವಾಗುತ್ತದೆ. ಆ ಇಲಾಖೆಯಲ್ಲಿ ಧಾರವಾಡ, ಬೆಳಗಾವಿಗಳಿದ್ದವು. 1862ರಲ್ಲಿ ಉತ್ತರ ಕನ್ನಡವೂ ಮದ್ರಾಸಿನಿಂದ ಬಿಡಿಸಿಕೊಂಡು ಇದಕ್ಕೇ ಸೇರಿತು. ಅದೇ ಕಾಲಕ್ಕೆ ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಇನ್ನೊಬ್ಬ ವೈದ್ಯನು ಸ್ಥಳೀಯ ಚಿತ್ರಕಾರನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಯಿಸುತ್ತಿದ್ದನು. ಲಾಲ್‌ಬಾಗವು 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಗಲು ಅವನ ಸಲಹೆಯೂ ಕಾರಣ. ಮುಂದೆ 1874ರಿಂದ 1908ರ ವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರೂನನ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ನಮ್ಮ ಅಡಿಗೆಮನೆಗಳಿಗೆ ಸೀಮೆಬದನೆಯನ್ನು ತಂದುಕೊಟ್ಟ ಪುಣ್ಯಾತ್ಮನೂ ಆತನೇ ಎಂದು ಹೇಳುತ್ತಾರೆ. ವಾರಕ್ಕೊಮ್ಮೆ ಅದರ ಪಲ್ಯ ಮಾಡುವ ಗೃಹಿಣಿಯರು ಸಸ್ಯೋದ್ಯಾನದ ಉಪಯೋಗವೇನೆಂದು ಕೇಳುವ ಹಾಗಿಲ್ಲ!

ದಾಪೋಡಿಯ ತೋಟ ನಿಂತುಹೋದ ತರುವಾಯ ಪುಣೆಯಲ್ಲಿ 1873ರಲ್ಲಿ ಗಣೇಶಖಿಂಡದ ಸಸ್ಯೋದ್ಯಾನ ಹುಟ್ಟಿತು. ದಂಡಿನ ಪ್ರದೇಶದಲ್ಲಿ ‘ಸೋಲ್ಜರರ ತೋಟ’ವೆಂದು ಕರೆಯಿಸಿಕೊಳ್ಳುತ್ತಿದ್ದ ಜಾಗ ವಿಕ್ಟೋರಿಯಾ ರಾಣಿಯ ಬಿರುದನ್ನು ಹೊತ್ತು ಎಂಪ್ರೆಸ್ ಉದ್ಯಾನವಾಯಿತು. ಸುಮಾರು 39 ಎಕರೆಯ ಆ ತೋಟವನ್ನು ಪಶ್ಚಿಮ ಭಾರತದ ಕೃಷಿ-ತೋಟಗಾರಿಕೆ ಸಂಘವು ಇಂದಿಗೂ ನಡೆಯಿಸುತ್ತಿದೆ. ಜನವರಿಯಲ್ಲಿ ನಡೆಯುವ ಅದರ ಫಲಪುಷ್ಪ ಪ್ರದರ್ಶನಕ್ಕೆ ಹೋದ ಬೆಂಗಳೂರಿನವರಿಗೆ ಲಾಲ್‌ಬಾಗದ ನೆನಪಾಗದೆ ಇರದು.

ಆದರೆ ಪುಣೆಗೂ ಕನ್ನಡ ನಾಡಿಗೂ ಸಸ್ಯಗಳು ಹಾಕಿದ ಗಟ್ಟಿಯಾದ ಗಂಟು ತೋಟದಲ್ಲಿಲ್ಲ, ಗ್ರಂಥದಲ್ಲಿದೆ. ಪುಣೆಯ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ಥಿಯೊಡೋರ್ ಕುಕ್ ಎಂಬ ಐರಿಷ್ ಇಂಜಿನಿಯರನು ನಿವೃತ್ತನಾದ ಮೇಲೆ ಮುಂಬಯಿ ಇಲಾಖೆಯ ಸಸ್ಯಗಳೆಲ್ಲವನ್ನೂ ವಿವರಿಸುವ ದೊಡ್ಡ ಗ್ರಂಥವನ್ನು ಬರೆದನು. ಅದು 1901ರಿಂದ 1908ರ ವರೆಗೆ ಭಾಗಭಾಗವಾಗಿ ಹೊರಬಂದಿತು. ಅದರಲ್ಲಿ ಮಾವಳದ ಗಿಡಗಳ ಪಕ್ಕದಲ್ಲಿಯೇ ಧಾರವಾಡದ ಗಿಡ, ಬೆಳಗಾವಿಯ ಬಳ್ಳಿ, ಕಾರವಾರದ ಮರಗಳು ನಿಂತಿವೆ. ಅದರ ಹಿಂದೆಯೇ ಟಾಲ್ಬಟ್ ಎಂಬ ಅರಣ್ಯಾಧಿಕಾರಿಯ ಎರಡು ಸಂಪುಟಗಳು ಬಂದವು. ಅವನು ಉತ್ತರ ಕನ್ನಡದ ಕಾಡುಗಳಲ್ಲಿ ಸೇವೆ ಮಾಡಿದವನು. ಆ ಪುಸ್ತಕಗಳು ಅಚ್ಚಾದದ್ದು ಪುಣೆಯಲ್ಲಿ. ಹೀಗೆ ನಮ್ಮ ಜಿಲ್ಲೆಗಳ ಗಿಡಮರಗಳು ವಿಜ್ಞಾನದ ದಫ್ತರಕ್ಕೆ ಹತ್ತಿದ್ದು ಬಹುಪಾಲು ಈ ಊರಿನ ಮೂಲಕವೇ.

1956ರ ನವೆಂಬರ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯವನ್ನು ಬಿಟ್ಟು ನಮ್ಮ ನಾಡಿಗೆ ಬಂದವು. ಅದೇ ಸುದಿನವನ್ನು ನಾವು ಪ್ರತಿವರ್ಷ ಆಚರಿಸುತ್ತೇವೆ. ಆಡಳಿತದ ಗಡಿ ಬೇರಾದದ್ದು ನ್ಯಾಯವೇ ಆಯಿತು. ಆದರೆ ಗಿಡಕ್ಕೆ ಗಡಿಯ ಗೊಡವೆಯಿಲ್ಲ. ಸಹ್ಯಾದ್ರಿಯ ಮಳೆ ಎಲ್ಲಿಯವರೆಗೆ ಬೀಳುವುದೋ ಅಲ್ಲಿಯವರೆಗೆ ಅದರ ರಾಜ್ಯ. ಇತ್ತೀಚಿನ ಒಂದು ಮಾತನ್ನೂ ಇಲ್ಲಿ ಸೇರಿಸಬಹುದು. ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಿತವಾದದ್ದು ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆಯ ತೋಪು. ಅದೇ ಗೌರವವು 2020ರಲ್ಲಿ ಪುಣೆಯ ಗಣೇಶಖಿಂಡ ಉದ್ಯಾನಕ್ಕೆ ದೊರೆಯಿತು. ಹಿರಿಯದು ನಮ್ಮದು, ಕಿರಿಯದು ಇಲ್ಲಿಯದು, ಅಣ್ಣತಮ್ಮಂದಿರೆಂದರೆ ತಪ್ಪಾಗದು.

ಇನ್ನು ಪ್ರಾಣಿಗಳ ಕಡೆಗೆ ಬರೋಣ. ಅರಸನ ಆಟಕ್ಕಾಗಿ ಹುಟ್ಟಿ, ಕಂಪನಿಯ ಆದಾಯಕ್ಕಾಗಿ ಬೆಳೆದ ಈ ಉದ್ಯಾನಗಳು ಜನಸಾಮಾನ್ಯರ ಕೈಸೇರಿದ್ದು ತೀರ ಈಚೆಗೆ. ಮೈಸೂರಿನ ಮೃಗಾಲಯವನ್ನು ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಅರಮನೆಯ ಜಾಗದಲ್ಲಿ ಆರಂಭಿಸಿದರು. 1909ರಲ್ಲಿ ಅದು ಚಾಮರಾಜೇಂದ್ರ ಮೃಗಾಲಯವಾಯಿತು, 1948ರಲ್ಲಿ ಸರಕಾರದ ಇಲಾಖೆಗೆ ಸೇರಿತು. ಪುಣೆಯಲ್ಲಿ ನಗರಪಾಲಿಕೆಯು 1953ರಲ್ಲಿ ಪರ್ವತಿಯ ಬುಡದಲ್ಲಿ, ಹಿಂದೆ ಪೇಶ್ವೆಯ ಮೃಗಗಳಿದ್ದ ಆಸುಪಾಸಿನಲ್ಲಿಯೇ, ಪೇಶ್ವೆ ಉದ್ಯಾನವನ್ನು ತೆರೆಯಿತು. 1956ರಲ್ಲಿ ಅಲ್ಲಿ ‘ಫುಲರಾಣಿ’ ಎಂಬ ಮಕ್ಕಳ ರೈಲು ಓಡಿತು. ಪುಣೆಯಲ್ಲಿ ಹುಟ್ಟಿ ಬೆಳೆದ ಹಿರಿಯ ಕನ್ನಡಿಗರಿಗೆ ಆ ರೈಲಿನ ನೆನಪಿದ್ದೀತು. ಜಾಗ ಸಾಲದಾದುದರಿಂದ ಕಾತ್ರಜದ ಕೆರೆಯ ಸುತ್ತಲಿನ 130 ಎಕರೆಯಲ್ಲಿ ಹೊಸ ಪ್ರಾಣಿಸಂಗ್ರಹಾಲಯ 1999ರಲ್ಲಿ ಆರಂಭವಾಯಿತು. 2005ರ ಹೊತ್ತಿಗೆ ಹಳೆಯದನ್ನು ಮುಚ್ಚಿ ಪ್ರಾಣಿಗಳನ್ನೆಲ್ಲ ಇಲ್ಲಿಗೆ ತಂದರು.

ಆದರೆ ಕಾತ್ರಜಕ್ಕೆ ಹುಲಿ, ಆನೆಗಳಿಗಿಂತ ಮೊದಲು ಬಂದದ್ದು ಹಾವು. ನೀಲಿಮಕುಮಾರ ಖೈರೆ ಎಂಬ ತರುಣರು 1980ರಲ್ಲಿ ಪುಣೆಯಲ್ಲಿ 72 ವಿಷಸರ್ಪಗಳೊಂದಿಗೆ 72 ಗಂಟೆಗಳ ಕಾಲ ಒಂದೇ ಪಂಜರದಲ್ಲಿ ಕುಳಿತು, ಕೆಣಕದ ಹೊರತು ಹಾವು ಕಚ್ಚುವುದಿಲ್ಲವೆಂದು ಜನರ ಕಣ್ಣೆದುರಿಗೆ ತೋರಿಸಿಕೊಟ್ಟರು. ಅವರ ಪ್ರಯತ್ನದಿಂದಲೂ ನಗರಪಾಲಿಕೆಯ ನೆರವಿನಿಂದಲೂ 1986ರಲ್ಲಿ ಕಾತ್ರಜದ ಸರ್ಪೋದ್ಯಾನ ಹುಟ್ಟಿತು. ಇದಕ್ಕೆ ಹಿಂದೆ, 1972ರಲ್ಲಿ, ರೋಮುಲಸ್ ವಿಟೇಕರರು ಮದ್ರಾಸಿನ ಗಿಂಡಿಯಲ್ಲಿ ಸರ್ಪೋದ್ಯಾನವನ್ನು ಕಟ್ಟಿದ್ದರು. ಅವರೇ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಆರಂಭಿಸಿ ಕಾಳಿಂಗ ಸರ್ಪದ ಅಭ್ಯಾಸಕ್ಕೆ ದಾರಿ ಮಾಡಿದರು. ಆ ಅಭ್ಯಾಸದ ಪರಂಪರೆಯಲ್ಲಿ ಬೆಳೆದ ಪಿ. ಗೌರಿಶಂಕರ ಮತ್ತು ಸಂಗಡಿಗರು 2024ರಲ್ಲಿ, ಒಂದೇ ಎಂದು ತಿಳಿದಿದ್ದ ಕಾಳಿಂಗ ಸರ್ಪದಲ್ಲಿ ನಾಲ್ಕು ಜಾತಿಗಳಿವೆಯೆಂದು ಸಾಧಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಅವರು ಇಟ್ಟ ವೈಜ್ಞಾನಿಕ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ನಮ್ಮ ಅಜ್ಜಿಯರು ಬಾಯಲ್ಲಿ ಆಡುತ್ತಿದ್ದ ಕನ್ನಡದ ಮಾತು ಇಂದು ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿದೆ. ರಾಜ್ಯೋತ್ಸವದ ದಿನ ಹೆಮ್ಮೆ ಪಡಲು ಇದು ಸಣ್ಣ ಸಂಗತಿಯಲ್ಲ.

ಹಾವಿನ ವಿಷಯದಲ್ಲಿ ನಮ್ಮ ಜನದ ಮನಸ್ಸು ಎಂದಿನಿಂದಲೂ ಎರಡಾಗಿದೆ. ಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುತ್ತೇವೆ, ಉಂಡಿ ಕಟ್ಟುತ್ತೇವೆ, ಜೋಕಾಲಿ ಆಡುತ್ತೇವೆ. ಮರುದಿನ ಹಿತ್ತಿಲಲ್ಲಿ ಹಾವು ಕಂಡರೆ ಬಡಿಗೆ ಹುಡುಕುತ್ತೇವೆ. ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಈ ವಿಪರ್ಯಾಸವನ್ನು ಬಯಲಿಗೆಳೆದಿದ್ದರೂ ನಾವು ತಿದ್ದಿಕೊಂಡಿಲ್ಲ. ಕೊಂಢವಾದ ಗುಡ್ಡಗಳನ್ನು ಕಡಿದು ಕಟ್ಟಡಗಳೆದ್ದಂತೆ ಹಾವುಗಳು ಅಂಗಳಕ್ಕೆ ಬರುತ್ತಿವೆ. ಕಳೆದ ವರ್ಷದ ಮಳೆಗಾಲದಲ್ಲಿ ಇಲ್ಲಿಯ ಒಂದು ವಸತಿಸಂಕುಲದಲ್ಲಿ ನಾಲ್ಕು ಮಂದಿ ಸೇರಿ ಒಂದು ಹಾವನ್ನು ಕೊಂದರು. ಸತ್ತ ಮೇಲೆ ನೋಡಿದರೆ ಅದು ಕೇರೆಹಾವು. ವಿಷವಿಲ್ಲದ್ದು, ಇಲಿ ತಿಂದು ಬದುಕುವಂಥದ್ದು. ಅಲ್ಲಿದ್ದ ಕನ್ನಡಿಗರಿಗೆ ‘ಕೇರೆ’ ಎಂಬ ಹೆಸರು ಗೊತ್ತಿತ್ತು, ಹಾವಿನ ರೂಪ ಗೊತ್ತಿರಲಿಲ್ಲ. ಕಾವಲುಗಾರನು ‘ಧಾಮಣ’ ಎಂದು ಕೂಗುತ್ತಿದ್ದನು, ಆ ಮಾತು ಇವರಿಗೆ ತಿಳಿಯಲಿಲ್ಲ. ಎರಡು ಭಾಷೆಗಳ ನಡುವೆ ಒಂದು ಜೀವ ಹೋಯಿತು.

ಆದುದರಿಂದ ವಾಚಕರು ಈ ಕೆಲವು ಹೆಸರುಗಳನ್ನು ಮನೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಲಿ ಎಂದು ಬೇಡುತ್ತೇವೆ. ನಾಗರಹಾವಿಗೆ ಮರಾಠಿಯಲ್ಲಿ ನಾಗ, ಕಟ್ಟುಹಾವಿಗೆ ಮಣ್ಯಾರ, ಕೊಳಕುಮಂಡಲಕ್ಕೆ ಘೋಣಸ, ಗರಗಸ ಮಂಡಲಕ್ಕೆ ಫುರಸೆ. ನಮ್ಮ ದೇಶದಲ್ಲಿ ಹಾವು ಕಚ್ಚಿ ಆಗುವ ಸಾವುಗಳಲ್ಲಿ ಬಹುಪಾಲು ಈ ನಾಲ್ಕರಿಂದಲೇ. ಇನ್ನು ಕೇರೆಗೆ ಧಾಮಣ, ಹೆಬ್ಬಾವಿಗೆ ಅಜಗರ, ಮಣ್ಣುಮುಕ್ಕನಿಗೆ ಮಾಂಡೂಳ. ಇವು ಮೂರೂ ವಿಷವಿಲ್ಲದವು. ಕಾತ್ರಜದಲ್ಲಿ ಹಾವಿನ ಮುಂದೆ ನಿಂತಾಗ ಮಗುವಿಗೆ ಎರಡೂ ಹೆಸರುಗಳನ್ನು ಹೇಳಿದರೆ, ಅಂದಿನ ಟಿಕೀಟಿನ ಹಣಕ್ಕೆ ಬಡ್ಡಿ ಸಮೇತ ಪ್ರತಿಫಲ ಬಂದಂತಾಯಿತು. ಬುಧವಾರ ಅಲ್ಲಿ ರಜೆ ಎಂಬುದು ಮಾತ್ರ ನೆನಪಿರಲಿ.

ಈಗ ಆರಂಭದಲ್ಲಿ ಹೇಳಿದ ಬಾಕಿಯ ಮಾತು. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗಾಡಿನ ದುಡಿಯುವ ಜನ. ಕರ್ನಾಟಕ ಸರಕಾರವು 2024ರಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಅದೇ ವರ್ಷ ಕೇಂದ್ರ ಸರಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಸಾರಿತು.

ಈ ಲೆಕ್ಕಕ್ಕೂ ನಮ್ಮ ಸಂಘಕ್ಕೂ ಏನು ಸಂಬಂಧವೆಂದು ಕೇಳಬಹುದು. ಕೊಂಢವಾದಲ್ಲಿ ಮೇಲೇಳುವ ಕಟ್ಟಡಗಳ ಪಕ್ಕದ ತಗಡಿನ ಗುಡಿಸಲುಗಳ ಬಳಿ ಸಂಜೆ ಹಾಯ್ದುಹೋಗಿರಿ. ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ನಮ್ಮ ಮನೆಗಳನ್ನು ಕಟ್ಟಿದ ಕೈಗಳು ಅವು. ಆ ಕುಟುಂಬಗಳು ನಮ್ಮ ಸಭೆಗಳಿಗೆ ಬರುವುದಿಲ್ಲ, ಈ ಸ್ಮರಣ ಸಂಚಿಕೆಯನ್ನು ಓದುವುದಿಲ್ಲ. ಅವರು ಮಲಗುವುದು ನೆಲದ ಮೇಲೆ. ಕಟ್ಟುಹಾವು ರಾತ್ರಿ ತಿರುಗುವ ಪ್ರಾಣಿ; ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಅದರ ಕಡಿತಕ್ಕೆ ನೋವಿಲ್ಲ, ಊತವಿಲ್ಲ; ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆನೋವು, ಕಣ್ಣುರೆಪ್ಪೆ ಜೋಲುವುದು, ಆಮೇಲೆ ಉಸಿರು ಕಟ್ಟುವುದು. ಇದಕ್ಕೆ ಅಗ್ಗವಾದ ರಕ್ಷಣೆಯೆಂದರೆ ಒಂದು ಮಂಚ, ಮತ್ತು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಒಂದು ಸೊಳ್ಳೆಪರದೆ. ಕಚ್ಚಿದರೆ ಮಾಡಬೇಕಾದದ್ದೂ ಕಷ್ಟದ್ದಲ್ಲ. ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಹಾವನ್ನು ಹಿಡಿಯಹೋಗಬಾರದು, ಮಂತ್ರವಾದಿಯ ಮನೆಗೆ ಒಂದು ಗಳಿಗೆಯೂ ಕಳೆಯಬಾರದು. ಅಂಗವನ್ನು ಅಲುಗಿಸದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಔಷಧವಿದೆ. ಕುದುರೆಯ ರಕ್ತದಿಂದ ತಯಾರಾಗುವ ಆ ಪ್ರತಿವಿಷವನ್ನು ಕೊಡಲು ಹಾವಿನ ಹೆಸರು ಗೊತ್ತಿರಲೇಬೇಕೆಂದೇನೂ ಇಲ್ಲ.

ಈ ಮಾತುಗಳನ್ನು ಆ ಗುಡಿಸಲುಗಳಲ್ಲಿ ಕನ್ನಡದಲ್ಲಿ ಹೇಳುವವರು ಯಾರು? ಮರಾಠಿಯ ಸೂಚನಾಫಲಕ ಆ ತಾಯಂದಿರಿಗೆ ತಿಳಿಯದು. ಭಾಷೆಯ ಹೆಸರಿನಲ್ಲಿ ಸಂಘ ಕಟ್ಟಿಕೊಂಡವರಿಗೆ ಭಾಷೆಯಿಂದ ಆಗಬೇಕಾದ ಕೆಲಸ ಇದಕ್ಕಿಂತ ಬೇರೆ ಯಾವುದು? ಸಂಘದ ತರುಣರು ವರ್ಷಕ್ಕೊಂದು ರವಿವಾರ ಆ ಮಕ್ಕಳನ್ನು ಕಾತ್ರಜದ ಸರ್ಪೋದ್ಯಾನಕ್ಕೆ ಕರೆದೊಯ್ದು, ಎರಡೂ ಭಾಷೆಗಳ ಹೆಸರುಗಳನ್ನು ಹೇಳಿಕೊಟ್ಟು, ಮರಳುವಾಗ ಮನೆಗೊಂದು ಸೊಳ್ಳೆಪರದೆ ಕೈಗಿಟ್ಟರೆ, ಒಂದು ಸಾಂಸ್ಕೃತಿಕ ಸಂಜೆಯ ಮಂಟಪಕ್ಕೆ ತಗಲುವ ವೆಚ್ಚವೂ ಅದಕ್ಕೆ ತಗಲದೆಂದು ಲೆಕ್ಕ ಬಲ್ಲ ನಾವು ಧೈರ್ಯವಾಗಿ ಹೇಳಬಲ್ಲೆವು.

ಅರಸನ ತೋಟ ಕಂಪನಿಯದಾಯಿತು, ಕಂಪನಿಯ ತೋಟ ಜನರದಾಯಿತು. ಜನರೆಂದರೆ ಟಿಕೀಟು ಕೊಳ್ಳಬಲ್ಲವರಷ್ಟೇ ಎಂದಾಗಬಾರದು. ಕಾತ್ರಜದ ಕೆರೆ ತುಂಬಿ ಹರಿದ ನೀರು ಆಂಬಿಲ ಹಳ್ಳದಿಂದ ಮುಠಾ ನದಿಗೆ, ಮುಳಾ-ಮುಠೆಯಿಂದ ಭೀಮೆಗೆ ಸೇರಿ, ಗಾಣಗಾಪುರದ ಸಂಗಮವನ್ನು ದಾಟಿ, ಕಲಬುರಗಿ ಯಾದಗಿರಿಗಳ ಹೊಲಗಳನ್ನು ಮುಟ್ಟಿ, ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಹೊಲಗಳಲ್ಲಿ ಮಳೆ ತಪ್ಪಿದಾಗ ಅಲ್ಲಿಯ ಮಕ್ಕಳು ಅದೇ ನದಿಯ ಎದುರುದಿಕ್ಕು ಹಿಡಿದು ಪುಣೆಗೆ ಬಂದಿದ್ದಾರೆ. ನಾವೂ ಬೇರೆ ಬೇರೆ ದಾರಿಗಳಿಂದ ಹಾಗೆಯೇ ಬಂದವರು. ಮೊದಲು ಬಂದವರು ತರುವಾಯ ಬಂದವರಿಗೆ ದಾರಿ ತೋರಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಈ ರಾಜ್ಯೋತ್ಸವದಲ್ಲಿ ನಾವು ಅಷ್ಟನ್ನಾದರೂ ನಡೆಸಿಕೊಡೋಣ.